ದೊಡ್ಡಕ್ಷರ ಮೊದಲೋ, ಸಣ್ಣಕ್ಷರ ಮೊದಲೋ

ಹಿರಿಯರು: ಪುಸ್ತಕಗಳು ಅವೇ, ಪಟ್ಟಿಯೂ ಅದೇ. ಆದರೂ ಸಂಘದ ಮ್ಯಾಕ್‌ನ ಟರ್ಮಿನಲ್‌ನಲ್ಲಿ ತೆಗೆದ ಪ್ರತಿಯಲ್ಲಿ ದೊಡ್ಡಕ್ಷರದಿಂದ ಶುರುವಾಗುವ ಇಂಗ್ಲಿಷ್ ಶೀರ್ಷಿಕೆಗಳೆಲ್ಲ ಮೇಲೆ ಬಂದಿವೆ, ಸಣ್ಣಕ್ಷರದವು ಕೊನೆಗೆ ಹೋಗಿವೆ. ಹಯವದನ ರಾಯರ ‘ಮೈಸೂರ್ ಗೆಜೆಟಿಯರ್’ ಅನ್ನು ಒಬ್ಬರು ದೊಡ್ಡ ಎಂ ಹಾಕಿ ದಾಖಲಿಸಿದ್ದಾರೆ, ಇನ್ನೊಬ್ಬರು ಸಣ್ಣ ಎಂ ಹಾಕಿ. ಅವೆರಡರ ನಡುವೆ ಎಷ್ಟೋ ಪುಟಗಳಿವೆ. ನಿನ್ನ ಲಿನಕ್ಸ್ ಸರ್ವರಿನಿಂದ ಬಂದ ಪ್ರತಿಯಲ್ಲಿ ಎರಡೂ ಒಂದರ ಕೆಳಗೊಂದು ಕೂತಿವೆ. ಯಾವುದನ್ನು ನಂಬಲಿ?

ಕಿರಿಯಳು: ಓದುಗರಿಗೆ ಬೇಕಾದದ್ದು ಎರಡನೆಯದು, ಚಿಕ್ಕಪ್ಪ. ಮೊದಲನೆಯದರಲ್ಲಿ ಕಂಪ್ಯೂಟರ್ ಅಕ್ಷರಗಳ ನಂಬರನ್ನಷ್ಟೇ ನೋಡಿದೆ. ಆಸ್ಕಿ ಸಂಕೇತದಲ್ಲಿ ದೊಡ್ಡ ಎ 65, ದೊಡ್ಡ ಝಡ್ 90. ಸಣ್ಣ ಎ 97, ಸಣ್ಣ ಝಡ್ 122. ನಂಬರಿನ ಲೆಕ್ಕದಲ್ಲಿ ಹೋದರೆ ದೊಡ್ಡ ಝಡ್‌ನಿಂದ ಶುರುವಾಗುವ ಪದವೂ ಸಣ್ಣ ಎಯಿಂದ ಶುರುವಾಗುವ ಪದಕ್ಕಿಂತ ಮುಂಚೆ ಬರುತ್ತದೆ.

ಹಿರಿಯರು: ಯಾವ ನಿಘಂಟಿನಲ್ಲೂ ಹಾಗಿಲ್ಲವಲ್ಲ.

ಕಿರಿಯಳು: ಇಲ್ಲ. ಆದರೆ ಆಸ್ಕಿ ಹುಟ್ಟಿದ್ದು ನಿಘಂಟಿಗಾಗಿ ಅಲ್ಲ. 1963ರ ಮೊದಲ ಆವೃತ್ತಿಯಲ್ಲಿ ಸಣ್ಣಕ್ಷರಗಳೇ ಇರಲಿಲ್ಲ, ಅವು ಸೇರಿದ್ದು 1967ರ ಪರಿಷ್ಕರಣೆಯಲ್ಲಿ. ಪ್ರತಿ ಜೋಡಿಯ ನಡುವೆ ಸರಿಯಾಗಿ 32ರ ಅಂತರವಿದೆ. ಹಾಗಾಗಿ ಒಂದೇ ಒಂದು ಬಿಟ್ ತಿರುಗಿಸಿದರೆ ದೊಡ್ಡದು ಸಣ್ಣದಾಗುತ್ತದೆ, ಸಣ್ಣದು ದೊಡ್ಡದಾಗುತ್ತದೆ. ಇಂಗ್ಲಿಷಿಗೆ ಇದಕ್ಕಿಂತ ಅಗ್ಗದ ಉಪಾಯ ಬೇರೆ ಇಲ್ಲ. ಅದೇ ಕಾಲದಲ್ಲಿ ಐಬಿಎಂ ತನ್ನ ದೊಡ್ಡ ಯಂತ್ರಗಳಿಗೆ ಎಬ್ಸಿಡಿಕ್ ಎಂಬ ಬೇರೆ ಸಂಕೇತ ಇಟ್ಟುಕೊಂಡಿತು. ಅದರಲ್ಲಿ ಸಣ್ಣ ಎ 129, ದೊಡ್ಡ ಎ 193, ಸೊನ್ನೆ 240. ಅಂದರೆ ಸಣ್ಣಕ್ಷರ ಮೊದಲು, ಆಮೇಲೆ ದೊಡ್ಡಕ್ಷರ, ಕೊನೆಗೆ ಅಂಕಿಗಳು. ಆಸ್ಕಿಗೆ ಪೂರ್ತಿ ತಲೆಕೆಳಗು.

ಹಿರಿಯರು: ಎರಡರಲ್ಲಿ ಯಾವುದಕ್ಕೂ ಭಾಷೆಯ ಆಧಾರ ಇಲ್ಲ, ಹಾಗಾದರೆ.

ಕಿರಿಯಳು: ಇಲ್ಲ. ಆದರೂ ಜನ ಅದಕ್ಕೇ ಒಗ್ಗಿಕೊಂಡರು. ಗ್ನೂ ಮೇಕ್ ಎಂಬ ಸಲಕರಣೆಯ ಕೈಪಿಡಿ ‘ಮೇಕ್‌ಫೈಲ್’ ಎಂಬ ಕಡತದ ಹೆಸರನ್ನು ದೊಡ್ಡ ಎಂನಿಂದ ಬರೆಯಿರಿ ಎಂದು ಸಲಹೆ ಕೊಡುತ್ತದೆ. ಕಾರಣವನ್ನೂ ಹೇಳುತ್ತದೆ: ಹಾಗೆ ಬರೆದರೆ ಅದು ಪಟ್ಟಿಯ ಮೇಲ್ಭಾಗದಲ್ಲಿ, ‘ರೀಡ್‌ಮಿ’ಯಂಥ ಮುಖ್ಯ ಕಡತಗಳ ಪಕ್ಕದಲ್ಲಿ ಕಾಣುತ್ತದೆ ಅಂತ. ಇವತ್ತು ಭಾಷೆಯ ಕ್ರಮ ಅನುಸರಿಸುವ ಲಿನಕ್ಸ್‌ನಲ್ಲಿ ಪಟ್ಟಿ ತೆಗೆದರೆ ಆ ಎರಡೂ ಕಡತಗಳು ಎಂ ಮತ್ತು ಆರ್ ಇರುವ ಜಾಗಕ್ಕೆ ಹೋಗಿಬಿಡುತ್ತವೆ. ಸಲಹೆಯ ಹಿಂದಿದ್ದ ಕಾರಣವೇ ಅಲ್ಲಿ ಉಳಿದಿಲ್ಲ.

ಹಿರಿಯರು: ಒಂದೇ ಕಂಪ್ಯೂಟರಿನಲ್ಲಿ ಎರಡೂ ಕ್ರಮ ಇರಬಹುದೇ?

ಕಿರಿಯಳು: ಇರುತ್ತವೆ. 1989ರ ಸಿ ಭಾಷೆಯ ಮಾನದಂಡದಿಂದಲೇ ಎರಡು ದಾರಿಗಳಿವೆ. ಒಂದು ಬೈಟುಗಳನ್ನು ಹಾಗೇ ಹೋಲಿಸುತ್ತದೆ. ಇನ್ನೊಂದು ಲೊಕೇಲ್ ನೋಡಿ ಹೋಲಿಸುತ್ತದೆ. ಲೊಕೇಲ್ ಎಂದರೆ ಒಂದು ಭಾಷೆಯ, ಒಂದು ಪ್ರದೇಶದ ರೂಢಿಗಳನ್ನು ಬರೆದಿಟ್ಟ ಕಡತ. ದಿನಾಂಕ ಹೇಗೆ ಬರೆಯಬೇಕು, ಹಣದ ಚಿಹ್ನೆ ಯಾವುದು, ಅಕ್ಷರಗಳ ಕ್ರಮ ಏನು, ಎಲ್ಲ ಅದರಲ್ಲಿರುತ್ತದೆ. ತೊಂದರೆ ಏನೆಂದರೆ ಆ ಕಡತದಲ್ಲಿ ಏನು ಬರೆದಿರಬೇಕು ಎಂದು ಮಾನದಂಡ ಹೇಳಲಿಲ್ಲ. ಮ್ಯಾಕ್‌ನ ಸಿ ಲೈಬ್ರರಿಯಲ್ಲಿ ಬಹುಕಾಲ ಅಮೆರಿಕನ್ ಇಂಗ್ಲಿಷಿನ ಲೊಕೇಲ್ ಕ್ರಮಕ್ಕೆ ಆಸ್ಕಿಯ ಪಟ್ಟಿಯನ್ನೇ ತೋರಿಸುತ್ತಿತ್ತು. ಲೊಕೇಲ್ ಎಂದು ಕೇಳಿದರೂ ಸಿಗುತ್ತಿದ್ದದ್ದು ನಂಬರಿನ ಕ್ರಮವೇ. ಅದೇ ಮ್ಯಾಕ್‌ನಲ್ಲಿ ಕಡತಗಳನ್ನು ತೋರಿಸುವ ಫೈಂಡರ್ ಮಾತ್ರ ಓದುಗರ ಕ್ರಮದಲ್ಲಿ ಜೋಡಿಸುತ್ತದೆ. ಮ್ಯಾಕ್‌ನ ಬಂಧುವಾದ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ನಿಜವಾದ ಯೂನಿಕೋಡ್ ಕ್ರಮ ಬಂದದ್ದು 2016ರಲ್ಲಿ.

ಹಿರಿಯರು: ನಮ್ಮ ಕಾಲದಲ್ಲಿ ಕಾರ್ಡ್ ಕ್ಯಾಟಲಾಗಿಗೆ ನಿಯಮದ ಪುಸ್ತಕ ಇರುತ್ತಿತ್ತು. ಕಾರ್ಡು ಜೋಡಿಸುವಾಗ ದೊಡ್ಡಕ್ಷರ ಸಣ್ಣಕ್ಷರ ಅಂತ ನೋಡುತ್ತಲೇ ಇರಲಿಲ್ಲ. ಅಂಥ ಪುಸ್ತಕ ಕಂಪ್ಯೂಟರಿಗೆ ಯಾರೂ ಬರೆದಿಲ್ಲವೇ?

ಕಿರಿಯಳು: ಬರೆದಿದ್ದಾರೆ, ಚೆನ್ನಾಗಿಯೇ ಬರೆದಿದ್ದಾರೆ. ಯೂನಿಕೋಡ್ ಕೊಲೇಶನ್ ಅಲ್ಗಾರಿದಂ ಅಂತ ಒಂದಿದೆ, ಅದಕ್ಕೆ ಸರಿಹೊಂದುವ ಐಎಸ್‌ಒ 14651 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಅದರಲ್ಲಿ ಹೋಲಿಕೆ ಹಂತ ಹಂತವಾಗಿ ನಡೆಯುತ್ತದೆ. ಮೊದಲ ಹಂತದಲ್ಲಿ ಮೂಲ ಅಕ್ಷರ ಮಾತ್ರ. ಪೂರ್ತಿ ಪದ ಆ ಹಂತದಲ್ಲಿ ಸಮವಾದರೆ ಎರಡನೇ ಹಂತಕ್ಕೆ ಇಳಿದು, ಫ್ರೆಂಚ್‌ನಂಥ ಭಾಷೆಗಳಲ್ಲಿ ಅಕ್ಷರದ ಮೇಲೆ ಬರುವ ಚಿಹ್ನೆಗಳನ್ನು ನೋಡುತ್ತದೆ. ಅಲ್ಲೂ ಸಮವಾದರೆ ಮಾತ್ರ ಮೂರನೇ ಹಂತ, ದೊಡ್ಡದೋ ಸಣ್ಣದೋ ಎಂಬ ಪ್ರಶ್ನೆ.

ಹಿರಿಯರು: ‘ಪೂರ್ತಿ ಪದ’ ಅಂದೆಯಲ್ಲ, ಅದು ಮುಖ್ಯ.

ಕಿರಿಯಳು: ಬಹಳ ಮುಖ್ಯ. ಎಷ್ಟೋ ಪ್ರೋಗ್ರಾಮರ್‌ಗಳು ಎಡವುವುದು ಅಲ್ಲೇ. ಸಣ್ಣ ಎ, ದೊಡ್ಡ ಎ, ಸಣ್ಣ ಬಿ, ದೊಡ್ಡ ಬಿ ಅಂತ ಒಂದು ಸಾಲು ಮಾಡಿಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಸಾಕು ಎಂದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ದೊಡ್ಡ ಆರ್ ಹಾಕಿ ‘ರಾಜ’, ಸಣ್ಣ ಆರ್ ಹಾಕಿ ‘ರಾಜನ್’ ಎಂದು ಬರೆದಿದ್ದೀರಿ ಎಂದುಕೊಳ್ಳಿ. ಆ ಸಾಲಿನ ಪ್ರಕಾರ ಮೊದಲ ಅಕ್ಷರದಲ್ಲೇ ತೀರ್ಮಾನವಾಗಿ ಸಣ್ಣ ಆರ್‌ನ ‘ರಾಜನ್’ ಮುಂದೆ ಬರುತ್ತಾನೆ. ಓದುಗರು ‘ರಾಜ’ನನ್ನು ಹುಡುಕುವುದು ‘ರಾಜನ್’ಗಿಂತ ಮೇಲೆ. ಹಂತದ ಲೆಕ್ಕದಲ್ಲಿ ‘ರಾಜ’ ಮೊದಲು, ಆಮೇಲೆ ಸಣ್ಣ ಆರ್‌ನ ‘ರಾಜನ್’, ದೊಡ್ಡ ಆರ್‌ನ ‘ರಾಜನ್’ ಕೂಡ ಇದ್ದರೆ ಅದು ಅದರ ಕೆಳಗೆ.

ಹಿರಿಯರು: ಕೊನೆಯ ಎರಡರಲ್ಲಿ ಸಣ್ಣದೇ ಏಕೆ ಮೊದಲು?

ಕಿರಿಯಳು: ಅದು ಯೂನಿಕೋಡ್‌ನ ಮೂಲ ಪಟ್ಟಿಯ ಆಯ್ಕೆ. ಭಾಷೆ ಬದಲಾದರೆ ಅದೂ ಬದಲಾಗಬಹುದು. ಡೇನಿಷ್ ಮತ್ತು ಮಾಲ್ಟೀಸ್ ಭಾಷೆಗಳ ನಿಯಮದಲ್ಲಿ ದೊಡ್ಡಕ್ಷರ ಮೊದಲು.

ಹಿರಿಯರು: ಒಪ್ಪಿದೆ. ಆದರೆ ಕೇಸ್, ಅಂದರೆ ದೊಡ್ಡಕ್ಷರ ಸಣ್ಣಕ್ಷರದ ಭೇದ, ಯಾವಾಗಲೂ ಕೊನೆಯ ಹಂತ ಎಂದರೆ ಒಪ್ಪುವುದಿಲ್ಲ. ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು ಪುಸ್ತಕಗಳನ್ನು ವಿಷಯವಾರು ಜೋಡಿಸಲು ಮಾಡಿದ ಕೋಲನ್ ವರ್ಗೀಕರಣ ಗೊತ್ತಲ್ಲ? 1933ರಲ್ಲಿ ಮದ್ರಾಸಿನಲ್ಲಿ ಮೊದಲು ಪ್ರಕಟವಾದದ್ದು. ಅವರೇ 1962ರಲ್ಲಿ ನಮ್ಮ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿದರು. ಆ ಪದ್ಧತಿಯಲ್ಲಿ ಸಣ್ಣಕ್ಷರ, ಅಂಕಿ, ದೊಡ್ಡಕ್ಷರ, ಮೂರಕ್ಕೂ ಬೇರೆ ಬೇರೆ ಅರ್ಥ, ಬೇರೆ ಬೇರೆ ಸ್ಥಾನ. ಏರಿಕೆಯ ಕ್ರಮ ಅದೇ: ಮೊದಲು ಸಣ್ಣಕ್ಷರಗಳು, ಆಮೇಲೆ ಅಂಕಿಗಳು, ಆಮೇಲೆ ದೊಡ್ಡಕ್ಷರಗಳು. ಸಣ್ಣಕ್ಷರಗಳಲ್ಲಿ ಐ, ಎಲ್, ಓ ಮೂರನ್ನು ಬಿಟ್ಟೇಬಿಟ್ಟರು, ಒಂದು ಮತ್ತು ಸೊನ್ನೆ ಎಂದು ತಪ್ಪಾಗಿ ಓದಬಾರದು ಅಂತ. ದೊಡ್ಡ ಬಿ ಎಂದರೆ ಗಣಿತ. ಬಿ ಪಕ್ಕದಲ್ಲಿ 2 ಬಂದರೆ ಬೀಜಗಣಿತ. ಬಿ ಪಕ್ಕದಲ್ಲಿ ಸಣ್ಣ ಎ ಬಂದರೆ ಗಣಿತದ ಗ್ರಂಥಸೂಚಿ. ಆ ಗ್ರಂಥಸೂಚಿ ಕಪಾಟಿನಲ್ಲಿ ಎಲ್ಲಿ ಕೂರುತ್ತದೆ ಹೇಳು?

ಕಿರಿಯಳು: ಬರಿ ಬಿ ಆದ ಮೇಲೆ?

ಹಿರಿಯರು: ಅಲ್ಲ, ಬರಿ ಬಿಗಿಂತಲೂ ಮೊದಲು! ಒಂದು ವಿಷಯ ಓದಲು ಬಂದವನಿಗೆ ಆ ವಿಷಯದ ಗ್ರಂಥಸೂಚಿ, ವಿಶ್ವಕೋಶ, ಇತಿಹಾಸ ಮೊದಲು ಕಣ್ಣಿಗೆ ಬೀಳಬೇಕು, ಆಮೇಲೆ ವಿಷಯ. ಹಾಗಾಗಿ ಆ ಸಣ್ಣಕ್ಷರಗಳಿಗೆ ತಾವು ಅಂಟಿಕೊಂಡ ಸಂಖ್ಯೆಗಿಂತ ಮುಂದೆ ಹೋಗುವ ಗುಣವನ್ನೇ ಕೊಟ್ಟರು. ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಸ್‌ಗೆ ಅರ್ಥ ಕೊಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಕಿರಿಯಳು: ಅದನ್ನು ಆಸ್ಕಿಯೂ ಕೊಡುವುದಿಲ್ಲ, ಯೂನಿಕೋಡ್‌ನ ಮೂಲ ಕ್ರಮವೂ ಕೊಡುವುದಿಲ್ಲ. ಎರಡರಲ್ಲೂ ಚಿಕ್ಕ ಪದ ಅದರಿಂದ ಬೆಳೆದ ಪದಕ್ಕಿಂತ ಮುಂಚೆ. ಹಾಗಾಗಿ ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ನಿಮ್ಮ ಕರೆ ಸಂಖ್ಯೆಯ ಕಾಲಂಗೆ ಯಾವ ಭಾಷೆಯ ಲೊಕೇಲ್ ಅನ್ನೂ ಹಚ್ಚಬಾರದು. ಅದು ಭಾಷೆಯ ಪದವಲ್ಲ, ಸಂಕೇತ. ಅದರ ನಿಯಮವನ್ನು ಪ್ರತ್ಯೇಕವಾಗಿ ಬರೆಯಬೇಕು. ಶೀರ್ಷಿಕೆಗೆ ಒಂದು ನಿಯಮ, ಕರೆ ಸಂಖ್ಯೆಗೆ ಇನ್ನೊಂದು.

ಹಿರಿಯರು: ಹಾಗೆ ಬೇರೆ ಮಾಡದಿದ್ದರೆ ಏನಾಗುತ್ತದೆ? ಪಟ್ಟಿ ಸ್ವಲ್ಪ ಅಸ್ತವ್ಯಸ್ತವಾಗಿ ಕಾಣುತ್ತದೆ, ಅಷ್ಟೇ ತಾನೇ?

ಕಿರಿಯಳು: ಅಷ್ಟೇ ಆಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ತುರ್ಕಿಯ ಉದಾಹರಣೆ ನೋಡಿ. 1928ರ ನವೆಂಬರ್‌ನಲ್ಲಿ ಅವರು ಕಾನೂನು ಮಾಡಿ ಲ್ಯಾಟಿನ್ ಲಿಪಿಗೆ ಬಂದರು. ಅವರ ಭಾಷೆಯಲ್ಲಿ ಎರಡು ಬೇರೆ ಬೇರೆ ಸ್ವರಗಳಿಗೆ ಎರಡು ಐ ಬೇಕಿತ್ತು. ಒಂದಕ್ಕೆ ಚುಕ್ಕೆ ಇದೆ, ಇನ್ನೊಂದಕ್ಕೆ ಇಲ್ಲ, ದೊಡ್ಡಕ್ಷರದಲ್ಲೂ ಸಣ್ಣಕ್ಷರದಲ್ಲೂ ಹಾಗೆಯೇ. ಅಚ್ಚುಕಟ್ಟಾದ ವ್ಯವಸ್ಥೆ. ಚುಕ್ಕೆಯ ಸಣ್ಣ ಐ ದೊಡ್ಡದಾದರೂ ಚುಕ್ಕೆ ಉಳಿಯುತ್ತದೆ, ಚುಕ್ಕೆಯಿಲ್ಲದ ದೊಡ್ಡ ಐ ಸಣ್ಣದಾದರೂ ಚುಕ್ಕೆ ಬರುವುದಿಲ್ಲ. ಈಗ ಒಬ್ಬ ಪ್ರೋಗ್ರಾಮರ್ ‘ಫೈಲ್’ ಎಂಬ ಇಂಗ್ಲಿಷ್ ಪದವನ್ನು ದೊಡ್ಡಕ್ಷರದಲ್ಲಿ ಪಡೆದು, ಸಣ್ಣದಾಗಿ ಮಾಡಿ, ತನ್ನಲ್ಲಿರುವ ಸಣ್ಣಕ್ಷರದ ‘ಫೈಲ್’ ಜೊತೆ ಹೋಲಿಸುತ್ತಾನೆ. ಬೆಂಗಳೂರಿನಲ್ಲಿ ಎರಡೂ ಒಂದೇ. ಇಸ್ತಾಂಬುಲ್‌ನ ಕಂಪ್ಯೂಟರಿನಲ್ಲಿ ಎರಡನೇ ಅಕ್ಷರ ಚುಕ್ಕೆಯಿಲ್ಲದ ಐ ಆಗಿರುತ್ತದೆ, ಹೋಲಿಕೆ ಸೋಲುತ್ತದೆ.

ಹಿರಿಯರು: ಅಲ್ಲಿಯ ಕಂಪ್ಯೂಟರ್ ತಪ್ಪು ಮಾಡಿಲ್ಲ.

ಕಿರಿಯಳು: ಮಾಡಿಲ್ಲ. ತುರ್ಕಿ ಕಾಗುಣಿತಕ್ಕೆ ಅದು ನಿಷ್ಠವಾಗಿದೆ. ಪ್ರೋಗ್ರಾಮರ್ ಭಾಷೆಗೆ ಸೇರದ ಪ್ರಶ್ನೆಯನ್ನು ಭಾಷೆಯ ಹತ್ತಿರ ಕೇಳಿದ್ದಾನೆ. ಪಿಎಚ್‌ಪಿ ಭಾಷೆಯಲ್ಲಿ ಇದೇ ದೋಷವಿತ್ತು. ಲೊಕೇಲ್ ಅನ್ನು ತುರ್ಕಿಗೆ ಬದಲಾಯಿಸಿದ ಕೂಡಲೇ ದೊಡ್ಡ ಐ ಇರುವ ಕ್ಲಾಸ್‌ಗಳ ಹೆಸರು ಪ್ರೋಗ್ರಾಮಿಗೇ ಸಿಗುತ್ತಿರಲಿಲ್ಲ. 2002ರಲ್ಲಿ ವರದಿಯಾದ ದೋಷ ಸರಿಹೋದದ್ದು 2013ರ 5.5 ಆವೃತ್ತಿಯಲ್ಲಿ. 2022ರ 8.2 ಆವೃತ್ತಿಯಲ್ಲಿ ಅಕ್ಷರ ಚಿಕ್ಕದು ಮಾಡುವ ಕೆಲಸವನ್ನೇ ಲೊಕೇಲ್‌ನಿಂದ ಬಿಡಿಸಿದರು. ಅಷ್ಟು ವರ್ಷ ತುರ್ಕಿಯ ಪ್ರೋಗ್ರಾಮರ್‌ಗಳು ತಮ್ಮ ಮಾತೃಭಾಷೆಯ ಸೆಟ್ಟಿಂಗ್ ಬಿಟ್ಟು ಕೆಲಸ ಮಾಡಬೇಕಾಯಿತು. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ನಮ್ಮ ಭಾಷೆಗೂ ಹಾಗೆ ಆಗಬಹುದಿತ್ತು.

ಹಿರಿಯರು: ಜರ್ಮನ್ ಪುಸ್ತಕಗಳಲ್ಲಿ ಒಂದು ಅಕ್ಷರ ಬರುತ್ತದಲ್ಲ, ಬಿ ಥರ ಕಾಣುವುದು?

ಕಿರಿಯಳು: ಎಸ್‌ತ್ಸೆಟ್. ದೊಡ್ಡಕ್ಷರ ಮಾಡಿದರೆ ಅದು ಎರಡು ಎಸ್ ಆಗುತ್ತದೆ, ಪದದ ಉದ್ದವೇ ಬದಲಾಗುತ್ತದೆ. ಮತ್ತೆ ಚಿಕ್ಕದು ಮಾಡಿದರೆ ಎರಡು ಎಸ್ ಆಗಿಯೇ ಉಳಿಯುತ್ತದೆ. ಅದಕ್ಕೊಂದು ದೊಡ್ಡ ರೂಪ ಯೂನಿಕೋಡ್‌ಗೆ ಬಂದದ್ದು 2008ರಲ್ಲಿ, ಜರ್ಮನ್ ಕಾಗುಣಿತ ಮಂಡಳಿ ಅದನ್ನು ಒಪ್ಪಿದ್ದು 2017ರಲ್ಲಿ. ಇಂಥವೆಲ್ಲ ಇರುವುದರಿಂದಲೇ ‘ಎರಡೂ ಒಂದೇನಾ’ ಎಂದು ಕೇಳಲು ಯೂನಿಕೋಡ್ ಬೇರೆಯದೇ ಪಟ್ಟಿ ಇಟ್ಟಿದೆ, ಕೇಸ್ ಫೋಲ್ಡಿಂಗ್ ಅಂತ. ಅದಕ್ಕೆ ದೇಶವಿಲ್ಲ, ಲೊಕೇಲ್ ಇಲ್ಲ. ಒಮ್ಮೆ ಸೇರಿದ ಅಕ್ಷರದ ನಿಯಮವನ್ನು ಮುಂದೆ ಬದಲಾಯಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಚೆರೋಕಿ ಲಿಪಿಯಲ್ಲಿ ಆ ಮಾತು ಉಳಿಸಿಕೊಂಡ ರೀತಿ ನನಗೆ ಬಹಳ ಇಷ್ಟ. ಅಮೆರಿಕದ ಮೂಲನಿವಾಸಿಗಳ ಲಿಪಿ ಅದು. 1999ರಲ್ಲಿ ಯೂನಿಕೋಡ್‌ಗೆ ಸೇರಿದಾಗ ಒಂದೇ ಗಾತ್ರದ ಅಕ್ಷರಗಳಿದ್ದವು, 2015ರಲ್ಲಿ ಸಣ್ಣಕ್ಷರಗಳೂ ಬಂದವು. ಬೇರೆಲ್ಲ ಲಿಪಿಗಳಲ್ಲಿ ದೊಡ್ಡದನ್ನು ಸಣ್ಣದಾಗಿ ಮಡಚುತ್ತಾರೆ. ಚೆರೋಕಿಯಲ್ಲಿ ಮಾತ್ರ ಸಣ್ಣದನ್ನು ದೊಡ್ಡದಾಗಿ ಮಡಚುತ್ತಾರೆ, ಏಕೆಂದರೆ ಮೊದಲೇ ಇದ್ದ ಅಕ್ಷರ ಅಲುಗಬಾರದು.

ಹಿರಿಯರು: ಫೈಲಿನ ಹೆಸರಿಗೂ ಇದೇ ಪಟ್ಟಿಯೇ?

ಕಿರಿಯಳು: ಆಗಿದ್ದರೆ ಚೆನ್ನಾಗಿತ್ತು. ಲಿನಕ್ಸ್ ಹೆಸರನ್ನು ಬೈಟುಗಳೆಂದೇ ನೋಡುತ್ತದೆ, ದೊಡ್ಡದು ಸಣ್ಣದು ಬೇರೆ ಬೇರೆ. ವಿಂಡೋಸ್‌ನ ಕಡತ ವ್ಯವಸ್ಥೆ ಎನ್‌ಟಿಎಫ್‌ಎಸ್ ನೀವು ಬರೆದ ರೂಪ ಉಳಿಸುತ್ತದೆ, ಹುಡುಕುವಾಗ ಭೇದ ಮಾಡುವುದಿಲ್ಲ. ಯಾವ ಸಣ್ಣಕ್ಷರಕ್ಕೆ ಯಾವ ದೊಡ್ಡಕ್ಷರ ಎಂಬ ಕೋಷ್ಟಕವನ್ನು ಡಿಸ್ಕ್ ಫಾರ್ಮ್ಯಾಟ್ ಮಾಡುವಾಗಲೇ ಆ ಡಿಸ್ಕಿನ ಮೇಲೆಯೇ ಬರೆದಿಡುತ್ತದೆ. ಆ ಡಿಸ್ಕನ್ನು ತುರ್ಕಿಗೆ ಒಯ್ದರೂ ಒಳಗಿನ ಹೆಸರುಗಳ ಅರ್ಥ ಕೆಡುವುದಿಲ್ಲ. ವಿಂಡೋಸ್‌ನಲ್ಲಿ ನನಗೆ ಮೆಚ್ಚುಗೆಯಾದ ತೀರ್ಮಾನಗಳಲ್ಲಿ ಇದೊಂದು. ಮ್ಯಾಕ್ ಕೂಡ ಸಾಮಾನ್ಯವಾಗಿ ಭೇದ ಮಾಡುವುದಿಲ್ಲ, ಆದರೆ ಐಫೋನ್ ಮಾಡುತ್ತದೆ. 2018ರಿಂದ ವಿಂಡೋಸ್‌ನಲ್ಲಿ ಒಂದೊಂದು ಫೋಲ್ಡರಿಗೆ ಭೇದ ಹಚ್ಚಬಹುದು, 2019ರಿಂದ ಲಿನಕ್ಸ್‌ನ ಎಕ್ಸ್ಟ್4 ಕಡತ ವ್ಯವಸ್ಥೆಯಲ್ಲಿ ಒಂದೊಂದು ಫೋಲ್ಡರಿಗೆ ಭೇದ ತೆಗೆಯಬಹುದು.

ಹಿರಿಯರು: ಈ ವ್ಯತ್ಯಾಸದಿಂದ ಯಾರಿಗಾದರೂ ನಿಜವಾದ ಹಾನಿ?

ಕಿರಿಯಳು: 2014ರ ಡಿಸೆಂಬರ್‌ನಲ್ಲಿ, ಪ್ರೋಗ್ರಾಮುಗಳ ಆವೃತ್ತಿಗಳನ್ನು ಕಾಪಾಡುವ ಗಿಟ್ ಎಂಬ ಸಲಕರಣೆಯಲ್ಲಿ ದೊಡ್ಡ ಭದ್ರತಾ ದೋಷ ಬಯಲಾಯಿತು. ಗಿಟ್ ತನ್ನ ಸೆಟ್ಟಿಂಗ್‌ಗಳನ್ನು ಸಣ್ಣಕ್ಷರದ ಒಂದು ಗುಪ್ತ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಹೊರಗಿನಿಂದ ಬಂದ ಕಡತಗಳು ಅದರೊಳಗೆ ಹೋಗದಂತೆ ತಡೆ ಇತ್ತು, ಆದರೆ ಸಣ್ಣಕ್ಷರದ ಹೆಸರಿಗೆ ಮಾತ್ರ. ಯಾರಾದರೂ ಅದೇ ಹೆಸರನ್ನು ದೊಡ್ಡಕ್ಷರದಲ್ಲಿ ಕಳಿಸಿದರೆ ತಡೆ ಅದನ್ನು ಬೇರೆ ಹೆಸರು ಎಂದು ಬಿಡುತ್ತಿತ್ತು, ವಿಂಡೋಸ್ ಮತ್ತು ಮ್ಯಾಕ್ ಅದೇ ಹೆಸರು ಎಂದು ಒಳಗೆ ಬರೆಯುತ್ತಿದ್ದವು. ಮುಂದೆ ಅದರ ಮೂಲಕ ಕಳಿಸಿದವರ ಆಜ್ಞೆ ನಮ್ಮ ಕಂಪ್ಯೂಟರಿನಲ್ಲಿ ನಡೆಯಬಹುದಿತ್ತು.

ಹಿರಿಯರು: ಕನ್ನಡಕ್ಕೆ ಕೇಸ್ ಇಲ್ಲ. ನಾವು ಇದರಿಂದ ಪಾರು ಎನ್ನಬಹುದೇ?

ಕಿರಿಯಳು: ಕನ್ನಡ ಲಿಪಿಯಲ್ಲಿ ಬರೆದರೆ ಪಾರು. ಆದರೆ ನಾವು ಕೀಲಿಮಣೆಯಲ್ಲಿ ಶಿಫ್ಟ್ ಒತ್ತಿ ಲಕಾರವನ್ನು ಳಕಾರ ಮಾಡುತ್ತೇವೆ, ನಕಾರವನ್ನು ಣಕಾರ ಮಾಡುತ್ತೇವೆ. ‘ಬರಹ’ ತಂತ್ರಾಂಶದ ಲಿಪ್ಯಂತರದಲ್ಲೂ ಅದೇ ರೂಢಿ. ಆ ರೂಢಿಯಲ್ಲೇ ರೋಮನ್ ಅಕ್ಷರದಲ್ಲಿ ಫೈಲಿನ ಹೆಸರು ಇಟ್ಟವರು ಬಹಳ ಮಂದಿ. ನಿಮ್ಮ ಸ್ನೇಹಿತರು ಧ್ವನಿಮುದ್ರಣದ ಕಡತಗಳನ್ನು ಹಾಗೇ ಇಟ್ಟಿದ್ದಾರೆ, ‘ಹಾಲು’ ಸಣ್ಣ ಎಲ್‌ನಿಂದ, ‘ಹಾಳು’ ದೊಡ್ಡ ಎಲ್‌ನಿಂದ. ಲಿನಕ್ಸ್‌ನಲ್ಲಿ ಎರಡು ಫೈಲು. ಅವನ್ನು ವಿಂಡೋಸ್‌ಗೆ ನಕಲು ಮಾಡಿದರೆ ಎರಡಕ್ಕೂ ಒಂದೇ ಜಾಗ. ಒಂದರ ಮೇಲೆ ಇನ್ನೊಂದು ಬಿದ್ದರೆ ಮೊದಲಿನದು ಹೋಯಿತು. ಕಲೆ ಮತ್ತು ಕಳೆ, ಮನೆ ಮತ್ತು ಮಣೆ, ಎಲ್ಲಕ್ಕೂ ಇದೇ ಅಪಾಯ.

ಹಿರಿಯರು: ಅಯ್ಯೋ, ಅದನ್ನು ನಾಳೆಯೇ ಅವರಿಗೆ ಹೇಳುತ್ತೇನೆ. ಸರಿ, ಕ್ರಮಕ್ಕೆ ಮತ್ತೆ ಬರೋಣ. ಒಂದು ಸಲ ಸರಿಯಾದ ಲೊಕೇಲ್ ಇಟ್ಟರೆ ನಿಶ್ಚಿಂತೆ ತಾನೇ?

ಕಿರಿಯಳು: ಆ ನಿಶ್ಚಿಂತೆ 2018ರ ಆಗಸ್ಟ್‌ನಲ್ಲಿ ಮುರಿಯಿತು. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2.28 ಆವೃತ್ತಿಯಲ್ಲಿ ಕ್ರಮದ ಕಡತವನ್ನು ಹೊಸ ಐಎಸ್‌ಒ 14651ಕ್ಕೆ ಹೊಂದಿಸಿದರು. ಒಳ್ಳೆಯ ಕೆಲಸವೇ. ಆದರೆ ಅದುವರೆಗೆ ‘11’ ಮುಂಚೆ, ‘1-1’ ಆಮೇಲೆ ಬರುತ್ತಿದ್ದದ್ದು ಅದಲುಬದಲಾಯಿತು. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ತನ್ನ ಇಂಡೆಕ್ಸನ್ನು ಆಪರೇಟಿಂಗ್ ಸಿಸ್ಟಂ ಹೇಳಿದ ಕ್ರಮದಲ್ಲಿ ಡಿಸ್ಕಿನ ಮೇಲೆ ಕಟ್ಟಿಡುತ್ತದೆ. ಸಿಸ್ಟಂ ಅಪ್‌ಗ್ರೇಡ್ ಆದ ಮೇಲೆ ಹುಡುಕುವ ಕ್ರಮ ಹೊಸದು, ಕಟ್ಟಿಟ್ಟ ಇಂಡೆಕ್ಸ್ ಹಳೆಯದು. ಇರುವ ದಾಖಲೆ ‘ಇಲ್ಲ’ ಎಂದು ಬರುತ್ತದೆ. ಒಂದೇ ಇರಬೇಕಾದ ಹೆಸರು ಎರಡು ಸಲ ಸೇರಿಕೊಳ್ಳುತ್ತದೆ. ಯಾವ ಎಚ್ಚರಿಕೆಯೂ ಕಾಣಿಸದೆ ಹೀಗಾಗಬಹುದು. ಅದಕ್ಕೇ ಪೋಸ್ಟ್‌ಗ್ರೆಸ್ 2017ರ 10ನೇ ಆವೃತ್ತಿಯಿಂದ ಐಸಿಯು ಎಂಬ ಲೈಬ್ರರಿಯ ಕ್ರಮ ಬಳಸುವ ಅವಕಾಶ ಕೊಟ್ಟಿದೆ, ಅದರ ಆವೃತ್ತಿಯನ್ನು ದಾಖಲಿಸಿಟ್ಟುಕೊಳ್ಳುತ್ತದೆ. 2024ರ 17ನೇ ಆವೃತ್ತಿಯಲ್ಲಿ ಸಿಸ್ಟಂ ಹಂಗಿಲ್ಲದ ತನ್ನದೇ ಕ್ರಮವನ್ನೂ ತಂದಿದೆ. ಮೈಕ್ರೋಸಾಫ್ಟ್ ಕೂಡ 2020ರ ಡಾಟ್‌ನೆಟ್ 5ರಲ್ಲಿ ವಿಂಡೋಸ್ ಮೇಲೂ ಐಸಿಯುಗೆ ಬಂದಿತು, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಸಿಗುವ ಉತ್ತರವೇ ಅಲ್ಲೂ ಸಿಗಲಿ ಅಂತ.

ಹಿರಿಯರು: ಆಜ್ಞೆ ಕೊಡುವವರಿಗೂ ಈ ತೊಡಕು ಇರಬೇಕಲ್ಲ?

ಕಿರಿಯಳು: ಇತ್ತು. ಟರ್ಮಿನಲ್‌ನಲ್ಲಿ ಆಜ್ಞೆ ಕೊಡಲು ಬಳಸುವ ಬ್ಯಾಷ್‌ನಲ್ಲಿ ಸಣ್ಣ ಎಯಿಂದ ಸಣ್ಣ ಝಡ್‌ವರೆಗಿನ ಅಕ್ಷರದಿಂದ ಶುರುವಾಗುವ ಫೈಲುಗಳನ್ನು ಅಳಿಸು ಎಂದರೆ, ಲೊಕೇಲ್ ಕ್ರಮದಲ್ಲಿ ದೊಡ್ಡ ಎಯಿಂದ ದೊಡ್ಡ ವೈವರೆಗಿನವೂ ಆ ನಡುವೆ ಸಿಕ್ಕಿಬಿಡುತ್ತಿದ್ದವು. ಉಳಿಯುತ್ತಿದ್ದದ್ದು ದೊಡ್ಡ ಝಡ್ ಒಂದೇ. 5.0 ಆವೃತ್ತಿಯಲ್ಲಿ ತಾನಾಗಿಯೇ ಆಸ್ಕಿ ಕ್ರಮ ಹಿಡಿಯುವಂತೆ ಮಾಡಿದರು. ಅದು ಸರಿಯಾದ ತೀರ್ಮಾನ. ಅಳಿಸುವ ಆಜ್ಞೆಯ ಅರ್ಥ ಊರಿಂದ ಊರಿಗೆ ಬದಲಾಗಬಾರದು.

ಹಿರಿಯರು: ಹಾಗಾದರೆ ನಮ್ಮ ಪಟ್ಟಿಗೆ ಹೀಗೆ ಮಾಡು. ಇಂಗ್ಲಿಷ್ ಶೀರ್ಷಿಕೆಗೆ ಯಾವ ಕ್ರಮ, ಸಮವಾದಾಗ ದೊಡ್ಡದು ಮೊದಲೋ ಸಣ್ಣದು ಮೊದಲೋ, ಯಾವ ಆವೃತ್ತಿಯ ನಿಯಮ, ಮೂರನ್ನೂ ಪಟ್ಟಿಯ ಜೊತೆಗೇ ಬರೆದಿಡು. ಫೈಲಿನ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಲು ಎಲ್ಲರಿಗೂ ಹೇಳುತ್ತೇನೆ.

ಕಿರಿಯಳು: ಹೇಳಿ. ಅದರ ಜೊತೆ ಇನ್ನೊಂದು ಎಚ್ಚರವೂ ಬೇಕು. ‘ಕೋಣ’ದ ಓಕಾರದ ಚಿಹ್ನೆಗೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವೂ ಇದೆ, ಅದನ್ನೇ ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ. ಹಳೆಯ ಮ್ಯಾಕ್‌ನ ಕಡತ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತಿತ್ತು. ಲಿನಕ್ಸ್‌ನ ಫೋಲ್ಡರಿನಲ್ಲಿ ಎರಡು ‘ಕೋಣ’ ಅಕ್ಕಪಕ್ಕ ಇರಬಹುದು, ಹುಡುಕಿದರೆ ಒಂದೇ ಸಿಗುತ್ತದೆ. ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರಬೇಕು, ಅದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ. ಕನ್ನಡದ ತಂತ್ರಾಂಶ ಬರೆಯುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ಪ್ರೋಗ್ರಾಮನ್ನು ಒಮ್ಮೆ ತುರ್ಕಿ ಲೊಕೇಲ್‌ನಲ್ಲಿ ಓಡಿಸಿ ನೋಡಿ, ಒಮ್ಮೆ ಎರಡು ರೀತಿಯಲ್ಲಿ ಬರೆದ ಓಕಾರ ಕೊಟ್ಟು ನೋಡಿ, ಆಮೇಲೆ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಉತ್ತರ ಒಂದೇ ಬರುತ್ತದೆಯೇ ಎಂದು ತಾಳೆ ಹಾಕಿ. ಈ ಪರೀಕ್ಷೆಗಳಲ್ಲಿ ಪಾಸಾಗದ ತಂತ್ರಾಂಶವನ್ನು ಗ್ರಂಥಾಲಯಕ್ಕಾಗಲಿ, ಪಹಣಿ ಇಡುವ ಕಚೇರಿಗಾಗಲಿ ಕೊಡಬೇಡಿ.